ಮಗನಿಗೆ ಕಡ್ಲೆಕಾಯಿ, ಎಳ್ಳು ಅಲರ್ಜಿ: ಸ್ಕೂಲಿಗೆ, ನೆಂಟರಿಗೆ, ಅಪಾರ್ಟ್‌ಮೆಂಟ್ ಜನಕ್ಕೆ ಹೇಗೆ ಹೇಳ್ತೀರ?

ಬಸವನಗುಡಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ನನ್ನ ಮಗ ಯುಕೆಜಿ. ಅವನಿಗೆ ಕಡ್ಲೆಕಾಯಿ, ಎಳ್ಳು ಎರಡೂ ಆಗಲ್ಲ. ಆಗಲ್ಲ ಅಂದ್ರೆ ಹೊಟ್ಟೆ ಕೆಟ್ಟು ಸರಿಹೋಗೋ ಥರ ಅಲ್ಲ. ಚಿಕ್ಕೋನಿದ್ದಾಗ ಒಂದು ಗೃಹಪ್ರವೇಶದಲ್ಲಿ ಯಾರೋ ಪ್ರೀತಿಯಿಂದ ಚಿಕ್ಕಿ ಚೂರು ಬಾಯಿಗಿಟ್ರು, ಎಲೆ ಹಾಕೋಷ್ಟ್ರಲ್ಲಿ ತುಟಿ ಊದ್ಕೊಂಡು ಮೈಯೆಲ್ಲ ಗಂದೆ ಎದ್ದು ಒಂದೇ ಸಮ ವಾಂತಿ, ಆಮೇಲೆ ಉಸಿರು ಎಳೆದ್ರೆ ಸುಂಯ್ ಅನ್ನೋ ಸದ್ದು. ಪಕ್ಕದ ರಸ್ತೇಲೇ ನರ್ಸಿಂಗ್ ಹೋಮ್ ಇತ್ತು, ಡ್ಯೂಟಿ ಡಾಕ್ಟರ್ ನೋಡಿದ ತಕ್ಷಣ ತೊಡೆಗೆ ಅಡ್ರಿನಲಿನ್ ಅನ್ನೋ ತುರ್ತು ಇಂಜೆಕ್ಷನ್ ಚುಚ್ಚಿದ್ರು, ಉಳ್ಕೊಂಡ. ಆಮೇಲೆ ಸ್ಕಿನ್ ಪ್ರಿಕ್ ಟೆಸ್ಟು, ರಕ್ತದ ಟೆಸ್ಟು ಎಲ್ಲ ಆಗಿ ಎಳ್ಳೂ ಅದೇ ಲೆಕ್ಕ ಅಂತ ಗೊತ್ತಾಯ್ತು.

ಈಗ ವಿಷಯ ಏನಪ್ಪ ಅಂದ್ರೆ ಸ್ಕೂಲಿಂದ ಸರ್ಕ್ಯುಲರ್ ಬಂದಿದೆ. ಕಡೇ ಕಾರ್ತಿಕ ಸೋಮವಾರ ಯುಕೆಜಿ ಮಕ್ಕಳನ್ನ ಕಡ್ಲೆಕಾಯಿ ಪರಿಷೆಗೆ ನಡೆಸ್ಕೊಂಡು ಹೋಗ್ತಾರಂತೆ, ಮಾರನೇ ದಿನ ಕ್ಲಾಸಲ್ಲಿ ಕಡ್ಲೆಕಾಯಿ ಬಿಡಿಸಿ ಎಣಿಸೋ ಆಕ್ಟಿವಿಟಿ. ಹೋಗಿ ಮಾತಾಡಿದೆ. ಕೋಆರ್ಡಿನೇಟರ್ ನಗ್ತಾನೇ "ಎರಡು ದಿನ ರಜ ಹಾಕಿಸ್ಬಿಡಿ ಮೇಡಂ" ಅಂದ್ರು. ಇಂಜೆಕ್ಷನ್ ವಿಷಯ ಎತ್ತಿದ್ರೆ "ಅದನ್ನೆಲ್ಲ ನಮ್ಮ ಸ್ಟಾಫ್ ಮುಟ್ಟಲ್ಲ". ಮುಂದೆ ಸಂಕ್ರಾಂತಿ, ಅಪಾರ್ಟ್‌ಮೆಂಟಲ್ಲಿ ಎಳ್ಳು ಬೀರೋ ಸಂಭ್ರಮ, ಮಕ್ಕಳು ಮನೆಮನೆಗೂ ತಟ್ಟೆ ಹಿಡ್ಕೊಂಡು ಹೋಗ್ತವೆ. ಮನೇಲಿ ಅತ್ತೆ "ಪಿತ್ತ ಕಣೆ, ದೊಡ್ಡೋನಾದ್ರೆ ಸರಿಹೋಗತ್ತೆ" ಅಂತಾರೆ. ಕೆಟ್ಟೋರಲ್ಲ, ಅವನನ್ನ ನನಗಿಂತ ಜಾಸ್ತಿ ಮುದ್ದು ಮಾಡೋದು ಅವರೇ, ಭಯ ಇರೋದೂ ಅದಕ್ಕೇ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಉದ್ದಕ್ಕೆ ಬರೆದು ಹಾಕಿದೆ, ಎಲ್ಲರೂ ಹೆಬ್ಬೆಟ್ಟು ಒತ್ತಿದ್ರು, ಅದೇ ವಾರ ಒಂದು ಬರ್ತ್‌ಡೇನಲ್ಲಿ ನಿಪ್ಪಟ್ಟು ಅವನ ಕೈಗೇ ಕೊಟ್ಟಿದ್ರು.

ಕೇಳ್ಬೇಕಿರೋದು: ಜನಕ್ಕೆ ಹೇಗೆ ಹೇಳಿದ್ರೆ ತಲೆಗೆ ಹೋಗತ್ತೆ? ಸ್ಕೂಲಲ್ಲಿ ಕಡ್ಲೆಕಾಯಿನೇ ಬ್ಯಾನ್ ಮಾಡಿ ಅಂತ ಹಠ ಹಿಡೀಬಹುದಾ? ಅಡ್ರಿನಲಿನ್ ನಾವೇ ಚುಚ್ಚೋಕಾಗೋ ಪೆನ್ ಥರದ ಇಂಜೆಕ್ಷನ್ ಇಲ್ಲಿ ಎಲ್ಲಿ ಸಿಗತ್ತೆ? ಓವರ್ ಆಡ್ತಾಳೆ ಅನ್ನೋ ಹೆಸರು ಆಗ್ಲೇ ಬಂದಿದೆ, ಇನ್ನೂ ಬಂದ್ರೂ ತೊಂದ್ರೆ ಇಲ್ಲ, ಕೆಲಸ ಆಗ್ಬೇಕು ಅಷ್ಟೇ.


ಜಯನಗರ_4ನೇ_ಬ್ಲಾಕ್

ನಿಮ್ಮ ಪೋಸ್ಟ್ ಓದಿ ನಮ್ಮನೆ ಕಥೆನೇ ಓದಿದ ಹಾಗಾಯ್ತು. ನನ್ನ ಮಗಳಿಗೆ ಕಡ್ಲೆಕಾಯಿ, ಗೋಡಂಬಿ. ಈಗ ಏಳನೇ ಕ್ಲಾಸು.

ಮೊದಲನೇದು, ಗ್ರೂಪಲ್ಲಿ ಉದ್ದುದ್ದ ಬರೀಬೇಡಿ. ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯ ತರೋ ಜೋರು ಅಲರ್ಜಿ) ಅಂದ್ರೆ ಏನು, ಇಮ್ಯೂನ್ ಸಿಸ್ಟಮ್ ಹೇಗೆ ಕೆಲಸ ಮಾಡತ್ತೆ ಅಂತ ವಿವರಿಸಿದ್ರೆ ಜನ ಅಯ್ಯೋ ಪಾಪ ಅಂದ್ಕೊಂಡು ಸ್ಕ್ರೋಲ್ ಮಾಡ್ತಾರೆ. ಅವರಿಗೆ ಬೇಕಿರೋದು "ನಾನೇನು ಮಾಡ್ಬೇಕು" ಅನ್ನೋದು ಮಾತ್ರ. ನಾನು ಹಾಕೋ ಮೆಸೇಜ್ ಇಷ್ಟೇ, ಬೇಕಿದ್ರೆ ಹಾಗೇ ತಗೊಳ್ಳಿ:

"ನಮ್ಮ ಮಗಳಿಗೆ ಕಡ್ಲೆಕಾಯಿ, ಗೋಡಂಬಿ ಚೂರು ಹೋದ್ರೂ ಉಸಿರು ಕಟ್ಟತ್ತೆ. ತಿನ್ನೋದು ಏನೇ ಇದ್ರೂ, ಪ್ರಸಾದ ಆದ್ರೂ ಸರಿ, ಅವಳ ಕೈಗೆ ಕೊಡಬೇಡಿ, ನನ್ನ ಕೈಗೆ ಕೊಡಿ. ತುಟಿ ಊದಿದ್ರೆ, ಬಿಡದೆ ಕೆಮ್ಮಿದ್ರೆ, ವಾಂತಿ ಮಾಡಿದ್ರೆ ಅವಳ ಬ್ಯಾಗಲ್ಲಿ ಕೆಂಪು ಪೌಚ್ ಇದೆ, ಮೊದಲು ಇಂಜೆಕ್ಷನ್, ಆಮೇಲೆ ನನಗೆ ಫೋನ್."

ಇದನ್ನ ಹಬ್ಬದ ಹಿಂದಿನ ದಿನ ಹಾಕ್ಬೇಕು. ವರ್ಷಕ್ಕೊಂದ್ಸಲ ಹಾಕಿದ್ರೆ ಯಾರಿಗೂ ನೆನಪಿರಲ್ಲ. ಗಣೇಶ ಹಬ್ಬ, ದಸರಾ ಗೊಂಬೆ, ದೀಪಾವಳಿ, ಸಂಕ್ರಾಂತಿ, ರಾಮನವಮಿ ಒಂದೊಂದಕ್ಕೂ ಹಾಕಿ. ಬೇಜಾರಾಗೋರು ಮ್ಯೂಟ್ ಮಾಡ್ಕೊಳ್ಳಲಿ ಬಿಡಿ.

ಇನ್ನೊಂದು, ಮಗೂಗೇ ಹೇಳ್ಕೊಡಿ. ಯುಕೆಜಿ ಮಗು ಕಲಿಯತ್ತೆ, ನಾವು ಅಂದ್ಕೊಂಡಿದ್ದಕ್ಕಿಂತ ಬೇಗ ಕಲಿಯತ್ತೆ. "ಬೇಡ" ಅಂದ್ರೆ ನಮ್ಮ ಆಂಟಿಯರು ಕೇಳಲ್ಲ, ನಾಚ್ಕೋತಾನೆ ಅಂದ್ಕೊಂಡು ಇನ್ನೊಂದ್ಸಲ ಬಲವಂತ ಮಾಡ್ತಾರೆ. ನನ್ನ ಮಗಳು "ಆಂಟಿ, ಇದು ತಿಂದ್ರೆ ನಂಗೆ ಆಸ್ಪತ್ರೆ" ಅಂತಾಳೆ, ಎಂಥವರೂ ಕೈ ಹಿಂದಕ್ಕೆ ತಗೋತಾರೆ.

ಅತ್ತೆ ವಿಷಯಕ್ಕೆ ನನ್ನ ಅನುಭವ: ವಾದ ಮಾಡಬೇಡಿ, ಡಾಕ್ಟರ್ ಹತ್ರ ಜೊತೇಲಿ ಕರ್ಕೊಂಡು ಹೋಗಿ. ನಮ್ಮತ್ತೆ ಡಾಕ್ಟರ ಬಾಯಿಂದ ಕೇಳಿದ್ಮೇಲೆ ಮನೆಗೆ ಬಂದು ಕಡ್ಲೆಬೀಜದ ಡಬ್ಬಾನ ತಾವೇ ಎತ್ತಿ ಕೆಲಸದೋಳಿಗೆ ಕೊಟ್ಬಿಟ್ರು. ಈಗ ಮದುವೆಮನೆಗಳಲ್ಲಿ ಅಡುಗೆಯವರ ಜೊತೆ ಜಗಳಕ್ಕೆ ನಿಲ್ಲೋರು ಅವರೇ, ನಾನಲ್ಲ.


ಸುಮ್ನೆ_ಓದುಗ

ತಪ್ಪು ತಿಳ್ಕೋಬೇಡಿ, ಆದ್ರೆ ನಮ್ಮ ಕಾಲದಲ್ಲಿ ಇದೆಲ್ಲ ಇರಲೇ ಇಲ್ಲ. ಬಸವನಗುಡೀಲಿ ಹುಟ್ಟಿ ಬೆಳೆದೋನು ನಾನು, ಪರಿಷೆ ಟೈಮಲ್ಲಿ ಬುಲ್ ಟೆಂಪಲ್ ರೋಡ್ ಪೂರ್ತಿ ಸಿಪ್ಪೆ ಮೇಲೇ ನಡೀತಿದ್ವಿ, ಜೇಬು ತುಂಬಾ ಕಡ್ಲೆಕಾಯಿ, ಯಾರಿಗೂ ಏನೂ ಆಗ್ತಿರ್ಲಿಲ್ಲ. ಈಗಿನ ಮಕ್ಕಳನ್ನ ಮಣ್ಣಿಗೇ ಬಿಡಲ್ಲ ಅದಕ್ಕೇ ಹೀಗೆ. ಚಿಟಿಕೆ ಚಿಟಿಕೆ ಕೊಟ್ಟು ಅಭ್ಯಾಸ ಮಾಡ್ಸಿ ಅಂತ ಫಾರಿನ್ನಲ್ಲೂ ಈಗ ಹೇಳ್ತಾರಂತೆ, ಎಲ್ಲೋ ಓದಿದೆ.


ಮಕ್ಕಳ_ಡಾಕ್ಟರ್_ವಿಜಯನಗರ

ಮೇಲಿನವರು ಹೇಳಿದ್ದಕ್ಕೆ ಮೊದಲು ಉತ್ತರ ಕೊಡ್ತೀನಿ, ಯಾಕಂದ್ರೆ ಇದನ್ನ ಓದಿ ಯಾರಾದ್ರೂ ಮನೇಲಿ ಟ್ರೈ ಮಾಡಿದ್ರೆ ಕಷ್ಟ.

ಸಾರ್, ನೀವು ಓದಿರೋದು ಬಹುಶಃ ಲೀಪ್ ಅನ್ನೋ ಸ್ಟಡಿ ಬಗ್ಗೆ. ಲಂಡನ್ನಲ್ಲಿ ಮಾಡಿದ್ದು, 2015ರಲ್ಲಿ ಬಂತು. ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸೋ ತೊಂದರೆ) ಜಾಸ್ತಿ ಇರೋ ಅಥವಾ ಮೊಟ್ಟೆ ಅಲರ್ಜಿ ಇರೋ, 4ರಿಂದ 11 ತಿಂಗಳ 640 ಕೂಸುಗಳನ್ನ ತಗೊಂಡು ಅರ್ಧ ಮಕ್ಕಳಿಗೆ ಕಡ್ಲೆಕಾಯಿ ಇರೋ ತಿಂಡಿ ಕೊಡ್ತಾ ಬಂದ್ರು, ಇನ್ನರ್ಧಕ್ಕೆ ಕೊಡ್ಲಿಲ್ಲ. ಐದು ವರ್ಷ ಆಗೋಷ್ಟ್ರಲ್ಲಿ ತಿಂದ ಮಕ್ಕಳಲ್ಲಿ ಅಲರ್ಜಿ ಸುಮಾರು 80% ಕಮ್ಮಿ ಇತ್ತು. ಆದ್ರೆ ಅದು ಅಲರ್ಜಿ ಬರೋಕೆ ಮುಂಚೆ ತಡೆಯೋದರ ಬಗ್ಗೆ. ಮೊದಲೇ ಟೆಸ್ಟ್ ಮಾಡಿ ಜೋರಾಗಿ ಪಾಸಿಟಿವ್ ಬಂದ ಮಕ್ಕಳನ್ನ ಸ್ಟಡಿಗೇ ಸೇರಿಸ್ಕೊಂಡಿರ್ಲಿಲ್ಲ. ಅಲರ್ಜಿ ಬಂದ್ಮೇಲೆ ಚೂರು ಚೂರು ಕೊಡೋ ಚಿಕಿತ್ಸೆನೂ ಇದೆ, ಅದು ಮಿಲಿಗ್ರಾಂ ಲೆಕ್ಕದಲ್ಲಿ, ಡಾಕ್ಟರ ಕಣ್ಣೆದುರು, ತುರ್ತು ಔಷಧಿ ಪಕ್ಕದಲ್ಲಿಟ್ಕೊಂಡು ಶುರು ಮಾಡೋದು. ಮನೇಲಿ ಚಿಟಿಕೆ ಲೆಕ್ಕ ಬೇಡವೇ ಬೇಡ.

"ನಮ್ಮಲ್ಲಿ ಇರ್ಲಿಲ್ಲ" ಅನ್ನೋದ್ರಲ್ಲಿ ಅರ್ಧ ನಿಜ ಇದೆ. ಕರ್ನಾಟಕದಲ್ಲೇ ವಯಸ್ಕರ ಮೇಲೆ ಮಾಡಿದ ಒಂದು ದೊಡ್ಡ ಸರ್ವೆ 2016ರಲ್ಲಿ ಪ್ರಕಟ ಆಯ್ತು. ರಕ್ತದ ಟೆಸ್ಟಲ್ಲಿ ಯಾವುದಾದ್ರೂ ಆಹಾರಕ್ಕೆ ಪಾಸಿಟಿವ್ ಬಂದೋರು 26.5%, ನಿಜವಾದ ಅಲರ್ಜಿ ಇರಬಹುದು ಅನ್ನೋ ಹಾಗಿದ್ದೋರು 1.2%. ಅಂದ್ರೆ ಇಲ್ಲಿ ಕಮ್ಮಿ, ಆದ್ರೆ ಇಲ್ಲ ಅಂತಿಲ್ಲ. ಇದರಿಂದ ಇನ್ನೊಂದು ಪಾಠ: ತೊಂದರೆ ಏನೂ ಇಲ್ದೆ ಇದ್ರೂ ಪ್ಯಾಕೇಜ್ ಆಫರ್ ಅಂತ ನೂರಾರು ಆಹಾರಕ್ಕೆ ರಕ್ತ ಕೊಟ್ಟು ಬಂದು, ರಿಪೋರ್ಟಲ್ಲಿ ಕೆಂಪು ಬಣ್ಣ ಇದೆ ಅಂತ ಮಗೂಗೆ ಹಾಲು, ಗೋಧಿ, ಬೇಳೆ ಎಲ್ಲ ನಿಲ್ಸೋರಿದಾರೆ. ಅದರಲ್ಲೂ ಐಜಿಜಿ ಅನ್ನೋ ರಕ್ತದ ಟೆಸ್ಟಿಗೆ ಅಲರ್ಜಿ ಹೇಳೋ ಯೋಗ್ಯತೆನೇ ಇಲ್ಲ. ತಿಂದಾಗ ಏನಾಯ್ತು ಅನ್ನೋ ಕಥೆ ಮೊದಲು, ಟೆಸ್ಟ್ ಆಮೇಲೆ. ನಿಮ್ಮ ಮಗನದ್ದು ಕಥೆ, ಟೆಸ್ಟ್ ಎರಡೂ ಹೊಂದ್ಕೊಂಡಿದೆ, ಅನುಮಾನಕ್ಕೆ ಜಾಗ ಇಲ್ಲ.

ಈಗ ಇಂಜೆಕ್ಷನ್. ಅಡ್ರಿನಲಿನ್ ಪೆನ್ ಇಲ್ಲಿ ಮಾಮೂಲಿ ಮೆಡಿಕಲ್ ಸ್ಟೋರಲ್ಲಿ ಕೇಳಿದ್ರೆ ಸಿಗಲ್ಲ. ಹೆಚ್ಚಾಗಿ ಹೊರದೇಶದಿಂದ ತರಿಸ್ಬೇಕಾಗತ್ತೆ. ಸ್ವಂತಕ್ಕೆ ತರಿಸ್ಕೊಳ್ಳೋಕೆ ಡ್ರಗ್ಸ್ ರೂಲ್ಸ್ 1945ರ ಕೆಳಗೆ ದಾರಿ ಇದೆ, ಡಾಕ್ಟರ್ ಚೀಟಿ ಇಟ್ಟು ಫಾರ್ಮ್ 12ಎ ಅರ್ಜಿ ಹಾಕಿದ್ರೆ 12ಬಿ ಪರ್ಮಿಟ್ ಕೊಡ್ತಾರೆ. ತುಂಬಾ ಜನ ಅಮೆರಿಕದಿಂದಲೋ ಲಂಡನ್ನಿಂದಲೋ ಬರೋ ನೆಂಟರ ಕೈಲಿ ತರಿಸ್ತಾರೆ. ಎಕ್ಸ್‌ಪೈರಿ ನೋಡ್ಕೊಳ್ಳಿ, ಒಂದು ಒಂದೂವರೆ ವರ್ಷಕ್ಕೆ ಮುಗಿಯತ್ತೆ. ಬಿಸಿಲಲ್ಲಿ ನಿಲ್ಸಿರೋ ಕಾರಲ್ಲಿ ಬಿಡಬೇಡಿ, ಫ್ರಿಜ್ಜಲ್ಲೂ ಬೇಡ. ದ್ರವ ಕಂದು ಬಣ್ಣಕ್ಕೆ ತಿರುಗಿದ್ರೆ ಬದಲಾಯಿಸಿ.

ಪೆನ್ ಸಿಗೋವರೆಗೂ ಸುಮ್ನೆ ಕೂರಬೇಡಿ. ಅಡ್ರಿನಲಿನ್ ಆಂಪೂಲ್ (ಔಷಧಿ ಇರೋ ಗಾಜಿನ ಚಿಕ್ಕ ಸೀಸೆ) ಇಲ್ಲೇ ಸಿಗತ್ತೆ, ರೇಟೂ ತುಂಬಾ ಕಮ್ಮಿ. ನಿಮ್ಮ ಡಾಕ್ಟರ್ ಹತ್ರ ಕೇಳಿದ್ರೆ ಸಿರಿಂಜಲ್ಲಿ ಎಷ್ಟು ಎಳ್ಕೋಬೇಕು, ಎಲ್ಲಿ ಚುಚ್ಚಬೇಕು ಅಂತ ಕೈ ಹಿಡಿದು ಕಲಿಸ್ತಾರೆ, ಕೆಲವರು ಮೊದಲೇ ತುಂಬಿಸಿ ಕೊಟ್ಟು ಕೆಲವು ತಿಂಗಳಿಗೊಮ್ಮೆ ಬದಲಾಯಿಸೋಕೆ ಹೇಳ್ತಾರೆ. ಡೋಸ್ ಕೆಜಿಗೆ 0.01 ಮಿಲಿಗ್ರಾಂ, ಮಕ್ಕಳಿಗೆ ಹೆಚ್ಚೆಂದ್ರೆ 0.3. ಒಂದು ಎಂಎಲ್‌ನಲ್ಲಿ ಒಂದು ಮಿಲಿಗ್ರಾಂ ಇರೋ ಆಂಪೂಲಾದ್ರೆ 20 ಕೆಜಿ ಮಗೂಗೆ 0.2 ಎಂಎಲ್. ಇದನ್ನ ಓದ್ಕೊಂಡು ನೀವೇ ಲೆಕ್ಕ ಹಾಕಬೇಡಿ, ಮಗು ತೂಕ ನೋಡಿ ಡಾಕ್ಟರ್ ಬರ್ಕೊಟ್ಟಿದ್ದೇ ಪ್ರಮಾಣ. ಜಾಗ ತೊಡೆಯ ಹೊರಭಾಗ, ಮಧ್ಯಕ್ಕೆ. ಪೆನ್ ಆದ್ರೆ ಪ್ಯಾಂಟ್ ಮೇಲಿಂದಲೇ ಆಗತ್ತೆ, ಬಿಚ್ಚೋಕೆ ಟೈಮ್ ಹಾಳ್ಮಾಡಬೇಡಿ.

ಚುಚ್ಚಿದ್ಮೇಲೆ ಮಗೂನ ಮಲಗಿಸಿ ಕಾಲು ಎತ್ತರಕ್ಕಿಡಿ. ಉಸಿರಾಟಕ್ಕೆ ಕಷ್ಟ ಆದ್ರೆ ಕೂರಿಸಿ, ಆದ್ರೆ ಎಬ್ಬಿಸಿ ನಡೆಸಬೇಡಿ. 108ಕ್ಕೆ ಫೋನ್. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸಲಿಲ್ಲ ಅಂದ್ರೆ ಎರಡನೇದು ಬೇಕಾಗತ್ತೆ, ಅದಕ್ಕೇ ಯಾವಾಗ್ಲೂ ಎರಡು ಇರ್ಬೇಕು. ಸರಿಹೋಯ್ತು ಅಂತ ಅರ್ಧ ದಾರಿಯಿಂದ ವಾಪಸ್ ಬರಬೇಡಿ, ಕೆಲವು ಗಂಟೆ ಬಿಟ್ಟು ಎರಡನೇ ಅಲೆ ಬರೋದುಂಟು. ಮತ್ತೆ ಸಿಟ್ರಿಜಿನ್, ಅವಿಲ್ ಗಂದೆಗೆ, ತುರಿಕೆಗೆ ಮಾತ್ರ. ಕಟ್ಟಿದ ಗಂಟಲನ್ನ ಅದು ಬಿಡಿಸಲ್ಲ, ಬಿದ್ದ ಬಿಪಿನ ಎತ್ತಲ್ಲ. ಅದನ್ನ ಕೊಟ್ಟು "ನೋಡೋಣ" ಅಂತ ಕಾಯೋದ್ರಲ್ಲೇ ಅಪಾಯ ಇರೋದು. ಬೆಂಗಳೂರಿನ ಟ್ರಾಫಿಕ್ಕಲ್ಲಂತೂ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಕೊಡಿಸೋಣ ಅನ್ನೋ ಪ್ಲಾನ್ ಪ್ಲಾನೇ ಅಲ್ಲ.

ಅಂದ್ಹಾಗೆ ಅಸ್ತಮಾ ಇದ್ಯಾ ಮಗೂಗೆ? ಇದ್ರೆ ಅದು ಕಂಟ್ರೋಲಲ್ಲಿರೋದು ಇದೆಲ್ಲಕ್ಕಿಂತ ಮುಖ್ಯ.


ಭಟ್ರ_ಅಡುಗೆಮನೆ

ನಮ್ಮದು ಕ್ಯಾಟರಿಂಗು, ಅಪ್ಪನ ಕಾಲದಿಂದ ಚಾಮರಾಜಪೇಟೆಲಿ. ಒಳಗಿನ ಮಾತು ಹೇಳ್ತೀನಿ.

"ಅಲರ್ಜಿ ಇದೆ, ನೋಡ್ಕೊಂಡು ಕೊಡಿ" ಅಂದ್ರೆ ಬಡಿಸೋ ಹುಡುಗ "ಇಲ್ಲ ಸಾರ್ ಏನಾಗಲ್ಲ ತಗೊಳ್ಳಿ" ಅಂತಾನೆ, ಅವನಿಗೆ ಒಳಗೆ ಏನು ಹಾಕಿದಾರೆ ಅಂತಾನೇ ಗೊತ್ತಿರಲ್ಲ. ಕೇಳೋದಾದ್ರೆ ಒಗ್ಗರಣೆ ಹಾಕಿದೋನನ್ನ ಕೇಳಿ. ಕೇಳೋ ರೀತೀನೂ ಹೀಗೆ: "ಚಟ್ನಿ ರುಬ್ಬೋಕೆ ಏನೇನು ಹಾಕಿದ್ರಿ?" ಕಡ್ಲೆಬೀಜ ಇದ್ಯಾ ಅಂತ ಕೇಳಿದ್ರೆ ಗಿರಾಕಿ ತಪ್ಪತ್ತೆ ಅಂತ ಇಲ್ಲ ಅಂದ್ಬಿಡ್ತಾರೆ, ಏನೇನು ಅಂತ ಕೇಳಿದ್ರೆ ಪಟ್ಟಿ ಹೇಳ್ತಾರೆ.

ದರ್ಶಿನಿ ಬಿಳಿ ಚಟ್ನಿ ಬರೀ ಕಾಯಿ ಹುರಿಗಡಲೆ ಅಂದ್ಕೋಬೇಡಿ. ತೆಂಗಿನಕಾಯಿ ರೇಟ್ ಏರಿದಾಗೆಲ್ಲ ಕಡ್ಲೆಬೀಜ ಒಳಗೆ ಬರತ್ತೆ, ಗಟ್ಟಿಯಾಗೂ ಇರತ್ತೆ, ರುಚಿನೂ ಕೊಡತ್ತೆ. ಎಣ್ಣೆಗಾಯಿ, ಕೆಂಪು ಚಟ್ನಿ, ಕೆಲವರ ಸಾಗು, ಮಸಾಲೆಪುರಿ ಮೇಲೆ ಉದುರಿಸೋದು, ಖಾರದ ಕಡ್ಲೆಬೀಜ ತುಂಬೋ ಕಾಂಗ್ರೆಸ್ ಬನ್ನು ಹೇಗೂ ಗೊತ್ತಿರೋದೇ. ಚಿತ್ರಾನ್ನದಲ್ಲಿ ಕಡ್ಲೆಬೀಜ ಕಣ್ಣಿಗೆ ಕಾಣತ್ತೆ, ಆರಿಸಿ ಕೊಟ್ರೆ ಆಯ್ತು ಅಂತಾರೆ, ಆರಿಸಿದ್ರೂ ಒಗ್ಗರಣೆ ಎಣ್ಣೆ ಅದೇ ತಾನೆ. ಪುಳಿಯೋಗರೆ ಗೊಜ್ಜಲ್ಲಿ ಎಳ್ಳು ಹುರಿದು ಪುಡಿ ಮಾಡಿ ಹಾಕಿರ್ತೀವಿ, ಕಾಣೋದೇ ಇಲ್ಲ, ಮೇಲೆ ಎಳ್ಳೆಣ್ಣೆ ಬೇರೆ. ದೇವಸ್ಥಾನದ ಪುಳಿಯೋಗರೆ ಪ್ರಸಾದ ನಿಮ್ಮ ಮಗನಿಗೆ ಎರಡೂ ಕಡೆಯಿಂದ ಹೊಡೆತ. ಚಕ್ಕುಲಿ, ನಿಪ್ಪಟ್ಟಲ್ಲಿ ಎಳ್ಳು ಇದ್ದೇ ಇರತ್ತೆ ಅಂದ್ಕೊಂಡ್ಬಿಡಿ. ಉಪ್ಪಿನಕಾಯಿಗೆ ಎಳ್ಳೆಣ್ಣೆ ಹಾಕೋರಿದಾರೆ.

ಎಣ್ಣೆ ವಿಷಯ ಡಾಕ್ಟರ್ ಸಾರ್ ಹೇಳ್ಬೇಕು, ನಮ್ಮತ್ರ ಈಗ ಗಿರಾಕಿಗಳೆಲ್ಲ ಮರದ ಗಾಣದ ಕಡ್ಲೆಕಾಯಿ ಎಣ್ಣೆಲೇ ಮಾಡಿ ಅಂತಾರೆ. ಮತ್ತೆ ಸೌಟು. ದೊಡ್ಡ ಅಡುಗೆಯಲ್ಲಿ ಒಂದೇ ಸೌಟು ನಾಲ್ಕು ಪಾತ್ರೆಗೆ ಓಡಾಡತ್ತೆ, ತೊಳೆಯೋದು ಅಂದ್ರೆ ಬಕೆಟ್ ನೀರಲ್ಲಿ ಅದ್ದಿ ತೆಗೆಯೋದು. ಮದುವೆಮನೆಲಿ ಮಗೂಗೆ ಊಟ ಮಾಡಿಸ್ಲೇಬೇಕು ಅಂದ್ರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿ, ಬೆಳಿಗ್ಗೆ ಮೊದಲ ಅನ್ನ, ಒಗ್ಗರಣೆ ಬೀಳೋಕೆ ಮುಂಚಿನ ತೊವ್ವೆ, ಮೊಸರು ಬೇರೆ ಡಬ್ಬಿಗೆ ಎತ್ತಿಟ್ಬಿಡ್ತೀವಿ. ಹತ್ತು ನಿಮಿಷದ ಕೆಲಸ. ಪಂಕ್ತಿ ಕೂತ್ಮೇಲೆ ಕೇಳಿದ್ರೆ ನಾವು ಯಾವ ಗ್ಯಾರಂಟಿನೂ ಕೊಡಕ್ಕಾಗಲ್ಲ.


ಮಕ್ಕಳ_ಡಾಕ್ಟರ್_ವಿಜಯನಗರ

ಭಟ್ರೇ, ಇಷ್ಟು ನಮಗೆ ಕಾಲೇಜಲ್ಲಿ ಹೇಳ್ಕೊಡಲ್ಲ, ಥ್ಯಾಂಕ್ಸ್.

ಎಣ್ಣೆ: ಪೂರ್ತಿ ರಿಫೈನ್ ಆದ ಕಡ್ಲೆಕಾಯಿ ಎಣ್ಣೆಲಿ ಪ್ರೋಟೀನ್ ಹೆಚ್ಚುಕಮ್ಮಿ ಉಳಿದಿರಲ್ಲ, ಅಲರ್ಜಿ ಮಾಡೋದು ಪ್ರೋಟೀನು. ಗಾಣದ ಎಣ್ಣೆ, ಎಳ್ಳೆಣ್ಣೆಲಿ ಅದು ಉಳಿದಿರತ್ತೆ. ಆರೋಗ್ಯಕ್ಕೆ ಒಳ್ಳೇದು ಅಂತ ಮನೆಮನೆಗೂ ಬಂದಿರೋ ಗಾಣದ ಎಣ್ಣೆ ಈ ಮಕ್ಕಳಿಗೆ ಮಾತ್ರ ಬೇಡ.

ಪ್ಯಾಕೆಟ್ ತಿಂಡಿಗೆ ಬಂದ್ರೆ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 2020ರ ಲೇಬಲ್ ನಿಯಮದಲ್ಲಿ ಅಲರ್ಜಿ ಪದಾರ್ಥಗಳನ್ನ "ಕಂಟೇನ್ಸ್" ಅಂತ ಬೇರೆಯಾಗಿ ಬರೀಬೇಕು. ಗ್ಲುಟನ್ ಇರೋ ಧಾನ್ಯ, ಸಿಗಡಿ ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಕಡ್ಲೆಕಾಯಿ ಮತ್ತು ಗೋಡಂಬಿ ಬಾದಾಮಿ ಥರದ ಬೀಜ, ಸೋಯಾ, ಸಲ್ಫೈಟ್. ಈ ಪಟ್ಟಿಲಿ ಎಳ್ಳು ಇಲ್ಲ! ಅಮೆರಿಕದಲ್ಲಿ 2023ರಿಂದ ಎಳ್ಳನ್ನ ಸೇರಿಸಿದಾರೆ. ಸಂಕ್ರಾಂತಿಗೆ ಊರೆಲ್ಲ ಎಳ್ಳು ಹಂಚೋ ನಮ್ಮಲ್ಲಿ ಇಲ್ಲ. ಹಾಗಾಗಿ ನಿಮ್ಮ ಕೇಸಲ್ಲಿ ಆ ದಪ್ಪಕ್ಷರದ ಸಾಲು ಮಾತ್ರ ಓದಿದ್ರೆ ಸಾಲದು, ಸಣ್ಣಕ್ಷರದ ಇಂಗ್ರೀಡಿಯೆಂಟ್ಸ್ ಪೂರ್ತಿ ಓದಿ. ದೊಡ್ಡ ಚೈನ್ ಹೋಟೆಲ್‌ಗಳು, ಅಂದ್ರೆ ಸೆಂಟ್ರಲ್ ಲೈಸೆನ್ಸ್ ಇರೋವು ಅಥವಾ ಹತ್ತು ಇಲ್ಲಾ ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರೋವು, ಅಲರ್ಜಿ ಮಾಹಿತಿ ಕೊಡಲೇಬೇಕು, ಕೇಳೋದು ನಿಮ್ಮ ಹಕ್ಕು. ಬೀದಿ ಮೂಲೆ ದರ್ಶಿನಿಗೆ ಇದು ಅನ್ವಯಿಸಲ್ಲ, ಅಲ್ಲಿ ಭಟ್ರ ಸಲಹೆನೇ ಸರಿ.


ಮೇಷ್ಟ್ರು_ಮಾಗಡಿ_ರೋಡ್

ನಾನು ಸರ್ಕಾರಿ ಶಾಲೆ ಶಿಕ್ಷಕ. ಟೀಚರ್ ಕಡೆಯಿಂದ ಎರಡು ಮಾತು.

ಟೀಚರ್‌ಗಳು "ಮುಟ್ಟಲ್ಲ" ಅನ್ನೋದು ಕಲ್ಲುಮನಸ್ಸಿಂದ ಅಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರತ್ತೆ ಅನ್ನೋ ಭಯ. ಒಂದು ಕ್ಲಾಸಲ್ಲಿ ನಲವತ್ತು ಮಕ್ಕಳು, ಒಬ್ಬರೇ ನಾವು. ಆ ಭಯ ಇಳಿಸೋದು ಕಾಗದ. ಡಾಕ್ಟರ್ ಲೆಟರ್‌ಹೆಡ್ಡಲ್ಲಿ ಒಂದೇ ಒಂದು ಪುಟ, ಕನ್ನಡದಲ್ಲಿ, ಮಗು ಫೋಟೋ ಸಮೇತ: ಈ ಲಕ್ಷಣ ಕಂಡ್ರೆ ಇದು ಮಾಡಿ. ಕೆಳಗೆ "ಶಾಲಾ ಸಿಬ್ಬಂದಿ ಈ ಇಂಜೆಕ್ಷನ್ ಕೊಡಲು ನಮ್ಮ ಪೂರ್ಣ ಒಪ್ಪಿಗೆ ಇದೆ" ಅಂತ ಅಪ್ಪ ಅಮ್ಮ ಇಬ್ಬರ ಸಹಿ. ಇದನ್ನ ಕೋಆರ್ಡಿನೇಟರ್ ಕೈಗೆ ಅಲ್ಲ, ಪ್ರಿನ್ಸಿಪಾಲರಿಗೆ ಕೊಟ್ಟು ರಿಸೀವ್ಡ್ ಸೀಲ್ ಹಾಕಿಸ್ಕೊಳ್ಳಿ. ಸೀಲ್ ಬಿದ್ದ ಕಾಗದ ಶಾಲೆಲಿ ಮಾತಾಡುವಷ್ಟು ಯಾವ ತಾಯಿ ಕಣ್ಣೀರೂ ಮಾತಾಡಲ್ಲ, ಕ್ಷಮಿಸಿ, ಇರೋ ವಿಷಯ ಹೇಳ್ದೆ.

ಆಮೇಲೆ ಆಯಾನ ಮರೀಬೇಡಿ. ಊಟದ ಹೊತ್ತಲ್ಲಿ ಮಕ್ಕಳ ಜೊತೆ ಇರೋದು ಅವರೇ, ಡಬ್ಬಿ ಬಿಚ್ಚೋದು, ಬಾಯಿ ಒರೆಸೋದು, ವ್ಯಾನ್ ಹತ್ತಿಸೋದು ಎಲ್ಲ ಅವರೇ. ಎಲ್ಲ ತರಬೇತಿಗೂ ಟೀಚರ್‌ನ ಕರೀತಾರೆ, ಆಯಾನ ಯಾರೂ ಕರೆಯಲ್ಲ. ವ್ಯಾನ್ ಡ್ರೈವರ್‌ಗೂ ಹೇಳಿ.

ನಮ್ಮ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಆದಾಗ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲಾ ಚಿಕ್ಕಿ ಕೊಡ್ತಿದ್ರು. ಕ್ಷೀರಭಾಗ್ಯದ ಹಾಲು 2013ರಿಂದ ಇದೆ. ಲೆಕ್ಕ ಬರೆಯೋದು ತಿಂತಾರೋ ಇಲ್ವೋ ಅಂತ, ಆಗತ್ತೋ ಇಲ್ವೋ ಅಂತ ಯಾವ ರಿಜಿಸ್ಟರಲ್ಲೂ ಕಾಲಂ ಇರ್ಲಿಲ್ಲ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗಿ ಹಾಲು ಕುಡಿದಾಗೆಲ್ಲ ವಾಂತಿ ಮಾಡ್ತಿದ್ಲು, ಎಲ್ಲರೂ ನಖರ ಅಂತಿದ್ರು. ಆರೋಗ್ಯ ತಪಾಸಣೆಗೆ ಬಂದ ಡಾಕ್ಟರ್ ಅಮ್ಮನ್ನ ಕರೆಸಿ ಕೇಳಿದಾಗ ಕೂಸಿಂದಲೇ ಮೈ ಗಂದೆ ಏಳ್ತಿತ್ತು ಅಂತ ಗೊತ್ತಾಯ್ತು. ಈಗ ಅಡ್ಮಿಷನ್ ದಿನವೇ ನಾನು ಹಾಜರಿ ಪುಸ್ತಕದ ಕೊನೇ ಪುಟದಲ್ಲಿ ಕೆಂಪು ಪೆನ್ನಲ್ಲಿ ಬರ್ಕೋತೀನಿ, ಯಾರಿಗೆ ಏನು ಆಗಲ್ಲ ಅಂತ.

ಬ್ಯಾನ್ ಬಗ್ಗೆ: ಮಾಡಿದ್ರೂ ನಡೆಯಲ್ಲ ಕಣಮ್ಮ. ಯಾರ ಡಬ್ಬಿಲಿ ಚಿತ್ರಾನ್ನ ಇದೆ ಅಂತ ದಿನಾ ಹುಡುಕೋದು ಯಾರು?


ಮಕ್ಕಳ_ಡಾಕ್ಟರ್_ವಿಜಯನಗರ

ಮೇಷ್ಟ್ರು ಹೇಳಿದ್ದು ಸರಿ. 2021ರಲ್ಲಿ ಹಲವು ದೇಶದ ತಜ್ಞರು ಸೇರಿ ಶಾಲೆಗಳಿಗೆ ಅಂತಾನೇ ಬರೆದ ಮಾರ್ಗಸೂಚಿಲೂ ಇಡೀ ಶಾಲೆಗೆ ಬ್ಯಾನ್ ಹಾಕೋದನ್ನ ಶಿಫಾರಸು ಮಾಡಿಲ್ಲ. ಬ್ಯಾನ್ ಇದ್ರೆ ಅಪಾಯ ಕಮ್ಮಿ ಆಗತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಸಿಬ್ಬಂದಿಗೆ ತರಬೇತಿ, ಶಾಲೆಲೇ ಅಡ್ರಿನಲಿನ್ ಇಟ್ಕೊಳ್ಳೋದು, ಮಗೂಗೆ ಬರೆದಿಟ್ಟ ಪ್ಲಾನ್, ಇವನ್ನ ಕೇಳಿ. ಜೊತೆಗೆ ಊಟಕ್ಕೆ ಮುಂಚೆ, ಆದ್ಮೇಲೆ ಇಡೀ ಕ್ಲಾಸ್ ಸೋಪು ಹಾಕಿ ಕೈ ತೊಳೀಲಿ. ಸ್ಯಾನಿಟೈಸರ್ ಕಡ್ಲೆಕಾಯಿ ಪ್ರೋಟೀನನ್ನ ತೆಗೆಯಲ್ಲ, ಸೋಪು ನೀರು ತೆಗೆಯತ್ತೆ.


ಧಾರವಾಡ_ಟು_ಬೆಂಗಳೂರು

ನಮ್ಮ ಕಡೆ ಶೇಂಗಾ ಇಲ್ದ ಅಡ್ಗಿನ ಇಲ್ರೀ ಅಕ್ಕಾರ. ಶೇಂಗಾ ಚಟ್ನಿ, ಶೇಂಗಾ ಹೋಳಿಗಿ, ಪಲ್ಯಾಕ್ಕ ಶೇಂಗಾಪುಡಿ, ಎಳ್ಳಮಾಸಿ ದಿನಾ ಅಂತೂ ಕೇಳಬ್ಯಾಡ್ರಿ. ನನ್ನ ತಮ್ಮನ ಮಗಗ ಇದ ತ್ರಾಸ ಐತಿ. ನಮ್ಮವ್ವ ಈಗ ಅವ ಬರ್ತಾನಂದ್ರ ಅವಂದ ಬ್ಯಾರೆ ತಟ್ಟಿ, ಬ್ಯಾರೆ ಬೋಗುಣಿ, ಪುಠಾಣಿ, ಅಂದ್ರ ನಿಮ್ಮ ಹುರಿಗಡಲೆ, ಹಾಕಿ ಬ್ಯಾರೆ ಚಟ್ನಿಪುಡಿ ಮಾಡಿ ಡಬ್ಬಿ ಮ್ಯಾಲೆ ಅವನ ಹೆಸರ ಬರದ ಇಟ್ಟಾಳ. ಆ ಡಬ್ಬಿ ಚಮಚ ಬ್ಯಾರೆದ್ರಾಗ ಹಾಕಿದ್ರ ಅಪ್ಪಗೂ ಬೈಗಳ. ಹಿರಿಯಾರಿಗೆ "ಮಾಡಬ್ಯಾಡ್ರಿ" ಅನ್ನೂದಕ್ಕಿಂತ "ಇವಂಗ ಇದನ್ನ ಮಾಡಿ ಕೊಡ್ರಿ" ಅಂದ್ರ ಹುರುಪಿಲೆ ಮಾಡ್ತಾರ್ರಿ, ನೋಡ್ರಿ ಬೇಕಾದ್ರ.


ಸುಮ್ನೆ_ಓದುಗ

ಡಾಕ್ಟ್ರೇ, ಚಿಟಿಕೆ ವಿಷಯ ಒಪ್ಪಿದೆ. ಮಣ್ಣಿನ ವಿಷಯಕ್ಕೆ ನೀವು ಉತ್ತರ ಕೊಡ್ಲಿಲ್ಲ, ಇರ್ಲಿ. ಆದ್ರೆ ಪರಿಷೆಗೆ ಕಳಿಸ್ಬೇಕಾ ಆ ಮಗೂನ? ನೆಲ ಎಲ್ಲ ಸಿಪ್ಪೆ, ಗಾಳಿಲಿ ಹುರಿಯೋ ವಾಸನೆ, ಮಕ್ಕಳು ಬೇರೆ ಯಾರು ಕೊಟ್ರೂ ತಗೋತಾವೆ. ಆ ಸ್ಕೂಲ್‌ನೋರು ರಜ ಹಾಕಿಸಿ ಅಂದಿದ್ರಲ್ಲೂ ಒಂದು ಅರ್ಥ ಇದೆ ಅನ್ಸತ್ತೆ.


ಮಕ್ಕಳ_ಡಾಕ್ಟರ್_ವಿಜಯನಗರ

ಬರೀ ವಾಸನೆಗೆ ಅನಾಫಿಲಾಕ್ಸಿಸ್ ಆಗೋದು ತೀರಾ ಅಪರೂಪ, ಬಾಯಿಗೆ ಹೋಗೋದೇ ಮುಖ್ಯ ದಾರಿ. ಆದ್ರೆ ಸಿಪ್ಪೆ ಧೂಳು, ಜನಜಂಗುಳಿ, ಆ ವಯಸ್ಸಿನ ಮಗು ಕೈ ಬಾಯಿಗಿಡೋದು, ಇಷ್ಟೂ ಸೇರಿದ್ರೆ ಇಂಜೆಕ್ಷನ್ ಕೊಡೋಕೆ ಗೊತ್ತಿರೋ ದೊಡ್ಡೋರು ಜೊತೇಲಿ ಇಲ್ಲದೆ ನಾನಂತೂ ಕಳಿಸಲ್ಲ. ಅಮ್ಮ ಜೊತೆಗೆ ಹೋಗೋ ಹಾಗಿದ್ರೆ ಬೇರೆ ಮಾತು. ಕ್ಲಾಸಲ್ಲಿ ಬಿಡಿಸಿ ಎಣಿಸೋ ಆಕ್ಟಿವಿಟಿ ಮಾತ್ರ ಬೇಡವೇ ಬೇಡ, ಅದಕ್ಕೆ ಮಗೂಗೆ ರಜ ಯಾಕೆ, ಹುಣಸೆಬೀಜ ಎಣಿಸಿದ್ರೆ ಲೆಕ್ಕ ಬರಲ್ವಾ?


ಬಸವನಗುಡಿ_ಅಮ್ಮ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಒಬ್ಬೊಬ್ಬರಿಗೂ ಉತ್ತರ ಬರೆಯೋಕೆ ಆಗ್ತಿಲ್ಲ.

ಡಾಕ್ಟರ್ ಸಾರ್, ಅಸ್ತಮಾ ಇಲ್ಲ, ಚಳಿಗಾಲದಲ್ಲಿ ಸ್ವಲ್ಪ ಕೆಮ್ಮು ಅಷ್ಟೇ, ಆದ್ರೂ ಕೇಳ್ತೀನಿ ಮುಂದಿನ ಸಲ ಹೋದಾಗ. ಮೇಷ್ಟ್ರು ಹೇಳಿದ ಹಾಗೆ ಒಂದು ಪುಟದ ಕಾಗದ ಮಾಡ್ಕೊಂಡು ಪ್ರಿನ್ಸಿಪಾಲ್ ಹತ್ರಾನೇ ಹೋದೆ. ಇಂಜೆಕ್ಷನ್‌ಗೆ ಇನ್ನೂ ಪೂರ್ತಿ ಹೂಂ ಅಂದಿಲ್ಲ, ಮ್ಯಾನೇಜ್‌ಮೆಂಟ್ ಕೇಳಿ ಹೇಳ್ತೀವಿ ಅಂದಿದಾರೆ, ಆದ್ರೆ ಸೀಲ್ ಹಾಕಿ ಕೊಟ್ರು. ಎಣಿಸೋ ಆಕ್ಟಿವಿಟಿ ಹುಣಸೆಬೀಜಕ್ಕೆ ಬದಲಾಯ್ತು. ಪರಿಷೆಗೆ ಅವನ ಕ್ಲಾಸ್ ಜೊತೆ ನಾನೂ ಬರಬಹುದು ಅಂದ್ರು, ಹೋಗೋದಾ ಬೇಡ್ವಾ ಅಂತ ಇನ್ನೂ ಮನೇಲಿ ಚರ್ಚೆ ನಡೀತಿದೆ, ಅವನಿಗೆ ಬಸವಣ್ಣನ್ನ ನೋಡೋ ಆಸೆ, ಹಿಂದಿನ ವಾರವೇ ತೋರಿಸ್ಕೊಂಡು ಬಂದ್ಬಿಡೋಣ ಅಂತ ಇವರ ಲೆಕ್ಕ. ಆಯಾ ಹೆಸರು ಇಷ್ಟು ದಿನ ನನಗೂ ಗೊತ್ತಿರ್ಲಿಲ್ಲ, ಈಗ ಅವರ ನಂಬರ್ ಇದೆ ನನ್ನತ್ರ.

ಭಟ್ರೇ, ಕೊನೇ ಪ್ರಶ್ನೆ. ಸಂಕ್ರಾಂತಿಗೆ ಮಕ್ಕಳ ಜೊತೆ ಅವನೂ ತಟ್ಟೆ ಹಿಡ್ಕೊಂಡು ಹೋಗ್ಬೇಕು ಅಂತಾನೆ. ಎಳ್ಳು, ಕಡ್ಲೆಬೀಜ ಇಲ್ದೆ ಏನು ಬೀರೋದು?


ಭಟ್ರ_ಅಡುಗೆಮನೆ

ಕೊಬ್ಬರಿ, ಬೆಲ್ಲ, ಹುರಿಗಡಲೆ ಮೂರು ಸಾಕು, ಜೊತೆಗೆ ಕಬ್ಬು, ಬಾಳೆಹಣ್ಣು, ಎಲಚಿಹಣ್ಣು. ಕೊಬ್ಬರಿ ಬೆಲ್ಲ ಮನೇಲೇ ಹೆಚ್ಚಿ. ಗಾಂಧಿ ಬಜಾರಲ್ಲಿ ಹೆಚ್ಚಿಟ್ಟಿದ್ದು ತಗೋಬೇಡಿ, ಎಳ್ಳಿನ ಮೂಟೆ ಪಕ್ಕದಲ್ಲೇ ಅದೇ ಕೈಲಿ ಅಳೆದು ಕೊಡ್ತಾರೆ. ಹುರಿಗಡಲೆನೂ ಅಷ್ಟೇ, ಕಡ್ಲೆಕಾಯಿ ಹುರಿಯೋ ಅಂಗಡಿದು ಬೇಡ, ಪ್ಯಾಕೆಟ್ ತಗೊಂಡು ಹಿಂದೆ ಬರೆದಿರೋದು ಓದಿ. ಸಕ್ಕರೆ ಅಚ್ಚು ಅಂಗಡಿಲಿ ಎಳ್ಳಿನ ಪಕ್ಕ ಇಟ್ಟಿರ್ತಾರೆ, ಮರದ ಅಚ್ಚು ಹಳೇದಾದ್ರೆ ಬೇರೆಯವರ ಮನೆದು ಬೇಡ, ಸಂದಿನಲ್ಲಿ ಏನು ಕೂತಿರತ್ತೋ. ಹೊಸ ಅಚ್ಚು ತಂದು ಸಕ್ಕರೆ, ಹಾಲು ಕಾಯಿಸಿ ಮನೇಲೇ ಹಾಕಿ, ಕಷ್ಟ ಅನ್ಸಿದ್ರೆ ಡಿಸೆಂಬರ್ ಕೊನೇಲಿ ಇಲ್ಲೇ ಕೇಳಿ, ಪಾಕದ ಹದ ಬರೆದು ಹಾಕ್ತೀನಿ. ಮತ್ತೆ ಅವನು ಬೀರೋಕೆ ಹೋದ ಮನೆಲಿ ವಾಪಸ್ ಎಳ್ಳು ಕೊಟ್ಟೇ ಕೊಡ್ತಾರೆ, ಇಲ್ಲ ಅಂದ್ರೆ ಬಿಡಲ್ಲ. ಅದಕ್ಕೆ ಮುಚ್ಚಳ ಇರೋ ಬೇರೆ ಡಬ್ಬಿ ನಿಮ್ಮ ಕೈಲಿರ್ಲಿ, ಅವನ ತಟ್ಟೆಗೆ ಬೀಳಬಾರದು.